ಇತಿಹಾಸಕಾರರು ಆಡಳಿತಕ್ಕೆ ಹೋದರೆ ಪುಸ್ತಕದ ಗತಿ ಏನು?

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರಲ್ಲಿ ಇತಿಹಾಸ ಪ್ರಾಧ್ಯಾಪಕಿ. ವಿಭಾಗದ ಮುಖ್ಯಸ್ಥೆಯಾಗಿ ಒಂದು ಅವಧಿ ಮುಗಿಸಿದ್ದೇನೆ. ಈಗ ಡೀನ್ ಹುದ್ದೆಗೆ ನನ್ನ ಹೆಸರು ಓಡಾಡುತ್ತಿದೆ. ಮುಂದೆ ಕುಲಪತಿಯೂ ಆಗಬಹುದು ಎಂದು ಹಿರಿಯರೊಬ್ಬರು ಹುರಿದುಂಬಿಸುತ್ತಿದ್ದಾರೆ. ಆದರೆ ನನ್ನ ಎರಡನೇ ಪುಸ್ತಕ ಅರ್ಧಕ್ಕೆ ನಿಂತಿದೆ. ಇತಿಹಾಸ ಓದಿದವರಿಗೆ ಆಡಳಿತ ಒಗ್ಗುತ್ತದೆಯೇ? ಒಮ್ಮೆ ಆ ಕಡೆ ಹೋದರೆ ಬರವಣಿಗೆಗೆ ಎಳ್ಳುನೀರು ಬಿಟ್ಟಂತೆಯೇ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಅದೇ ಅಲ್ವಾ? ಆಡಳಿತಕ್ಕೆ ಹೋದವರ ಬರವಣಿಗೆ ಸಾಯಲೇಬೇಕು ಅಂತೇನಿಲ್ಲ. ಆದರೆ ಯಾವ ಬಗೆಯ ಬರವಣಿಗೆ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದನ್ನು ಹೆಚ್ಚುಕಡಿಮೆ ಮೊದಲೇ ಹೇಳಬಹುದು. ನಿಮ್ಮ ಪುಸ್ತಕ ನಿಂತಿರುವುದು ದಾಖಲೆ ಹುಡುಕುವ ಹಂತದಲ್ಲೋ, ದಾಖಲೆಗಳೆಲ್ಲ ಸಿಕ್ಕಿ ಬರೆಯುವ ಹಂತದಲ್ಲೋ? ಇದನ್ನು ನೀವು ಹೇಳಿಲ್ಲ. ನನ್ನ ಸಲಹೆ ನಿಂತಿರುವುದು ಇದರ ಮೇಲೆಯೇ. ಅಲ್ಲಿಗೆ ಆಮೇಲೆ ಬರೋಣ.

ಇತಿಹಾಸಕಾರರು ಈ ಕುರ್ಚಿಗೆ ಹೊಸಬರೇನಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ (ಅಲ್ಲಿ ಅಧ್ಯಕ್ಷ ಎಂದರೆ ನಮ್ಮ ಕುಲಪತಿಯ ಹಾಗೆ) ಆಂಡ್ರ್ಯೂ ಡಿಕ್ಸನ್ ವೈಟ್ ಇತಿಹಾಸ ಪಾಠ ಮಾಡುತ್ತಿದ್ದವರು. 1884ರಲ್ಲಿ ಅಲ್ಲಿನ ಇತಿಹಾಸಕಾರರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಆಗಿನ್ನೂ ಅವರು ಕಾರ್ನೆಲ್ ಕುರ್ಚಿಯಲ್ಲೇ ಇದ್ದರು. ನಮ್ಮ ಕಡೆ ಜದುನಾಥ ಸರ್ಕಾರ್ 1926ರಿಂದ 1928ರವರೆಗೆ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿ. ಆರ್.ಸಿ. ಮಜುಂದಾರ್ 1937ರಿಂದ 1942ರವರೆಗೆ ಢಾಕಾದಲ್ಲಿ. ಇತಿಹಾಸಕಾರ, ರಾಜತಾಂತ್ರಿಕ ಕೆ.ಎಂ. ಪಣಿಕ್ಕರ್ 1963ರಲ್ಲಿ ತೀರಿಕೊಂಡಾಗ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಶುರುವಾದಾಗ ಮೊದಲ ಕುಲಪತಿಯಾದ ಬಿ. ಷೇಕ್ ಅಲಿ ಕೂಡ ಇತಿಹಾಸದವರೇ. ಪಟ್ಟಿ ಇನ್ನೂ ಉದ್ದ ಮಾಡಬಹುದು, ಬೇಡ.

ಹಾಗಂತ ಆಗಿನ ಕೆಲಸವೂ ಈಗಿನ ಕೆಲಸವೂ ಒಂದೇ ಅಲ್ಲ. ಆಗ ವಿಶ್ವವಿದ್ಯಾಲಯ ಚಿಕ್ಕದು. ಓದು, ಬರಹ, ನಾಲ್ಕು ಜನರ ಮುಂದೆ ಮಾತು, ಇಷ್ಟು ಬಂದರೆ ಮುಕ್ಕಾಲು ಪಾಲು ಕೆಲಸ ಸಾಗುತ್ತಿತ್ತು. ಈಗ ಹಾಸ್ಟೆಲ್ಲು, ಗುತ್ತಿಗೆದಾರರು, ಕೋರ್ಟ್ ಕೇಸು, ಆಡಿಟ್, ಪಿಂಚಣಿ, ಶ್ರೇಯಾಂಕ ಎಲ್ಲವೂ ಅದೇ ಮೇಜಿಗೆ ಬರುತ್ತವೆ. ಎಂಜಿನಿಯರಿಂಗ್, ವೈದ್ಯಕೀಯ ಕಡೆಯವರು ದೊಡ್ಡ ಪ್ರಯೋಗಾಲಯ ನಡೆಸಿ, ದೊಡ್ಡ ಅನುದಾನ ತಂದು, ಹತ್ತಾರು ಜನರನ್ನು ಕೈಕೆಳಗೆ ದುಡಿಸಿ ಅಭ್ಯಾಸವಾದವರು. ನಾವು ಒಬ್ಬರೇ ಕೂತು ಓದಿದವರು. ಈ ವ್ಯತ್ಯಾಸವನ್ನು ಸಣ್ಣದು ಎಂದುಕೊಳ್ಳಬೇಡಿ.

ಆದರೆ ಒಂದು ಕೆಲಸದಲ್ಲಿ ಇತಿಹಾಸಕಾರರನ್ನು ಮೀರಿಸುವವರು ಕಡಿಮೆ. ಅದು ಫೈಲು ಓದುವುದು. ಕೇಳಲು ಇದು ಗುಮಾಸ್ತೆ ಕೆಲಸ ಅನ್ನಿಸುತ್ತದೆ. ಅಲ್ಲ. ಡೀನ್ ಮೇಜಿಗೆ ಬರುವ ಒಂದು ಬಡ್ತಿ ಫೈಲು ತೆಗೆದುಕೊಳ್ಳಿ. ಅದರ ಮೇಲೆ ಆಗಲೇ ಐದಾರು ಜನರ ಶರಾ ಇರುತ್ತದೆ. ಕೊನೆಯ ಶರಾ ಮಾತ್ರ ಓದಿ ಸಹಿ ಹಾಕುವುದು ರೂಢಿ. ದಾಖಲೆಗಳ ನಡುವೆ ಬದುಕಿದವರು ಹಾಗೆ ಮಾಡಲಾರರು. ಮೊದಲ ಟಿಪ್ಪಣಿ ಬರೆದವರು ಯಾರು? ಅವರಿಗೂ ಅರ್ಜಿದಾರರಿಗೂ ಏನಾದರೂ ಹಳೆಯ ತಕರಾರು ಇತ್ತಾ? ಅರ್ಜಿಯ ತಾರೀಖಿಗೂ ಮೊದಲ ಟಿಪ್ಪಣಿಯ ತಾರೀಖಿಗೂ ನಡುವೆ ಏಳು ತಿಂಗಳು ಯಾಕೆ ಖಾಲಿ? ಪುಟಸಂಖ್ಯೆ 14 ಆದಮೇಲೆ 17 ಬಂದಿದೆ, 15, 16 ಎಲ್ಲಿ? ಫೈಲಿನಲ್ಲಿ ಇಲ್ಲದ ಕಾಗದವೇ ಎಷ್ಟೋ ಸಲ ಇಡೀ ಪ್ರಕರಣದ ಕೀಲಿ. ಇಂಥ ಪ್ರಶ್ನೆ ಕೇಳಲು ನಿಮಗೆ ಯಾರೂ ತರಬೇತಿ ಕೊಡಬೇಕಾಗಿಲ್ಲ. ಇಷ್ಟು ವರ್ಷ ಮಾಡಿದ್ದು ಅದನ್ನೇ.

ಸಭೆಯ ನಡಾವಳಿಯೂ ಹಾಗೆಯೇ. "ಚರ್ಚಿಸಿ ಒಪ್ಪಲಾಯಿತು" ಎಂಬ ಒಂದು ಸಾಲಿನ ಹಿಂದೆ ಎರಡು ಗಂಟೆಯ ಜಗಳ ಇರಬಹುದು. ಯಾರು ಮೊದಲು ವಿರೋಧಿಸಿದರು, ಯಾರು ಸುಮ್ಮನಿದ್ದರು, ಯಾರು ಅಂದು ಗೈರು, ಇವೆಲ್ಲ ನಡಾವಳಿಯಲ್ಲಿ ಇರುವುದಿಲ್ಲ. ಇರುವುದಿಲ್ಲ ಎಂದು ಗೊತ್ತಿರುವವರು ವಿಚಾರಿಸುತ್ತಾರೆ. ಉಳಿದವರು ಒಪ್ಪಿಗೆ ಆಗಿದೆಯಲ್ಲ ಎಂದು ಮುಂದೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಇದಕ್ಕೆ ಒಳ್ಳೆಯ ಉದಾಹರಣೆ ಹ್ಯಾನಾ ಗ್ರೇ. ಯುರೋಪಿನ ಪುನರುಜ್ಜೀವನ ಕಾಲದ ಚಿಂತನೆಯ ಇತಿಹಾಸಕಾರರು. 1969ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿಯೊಬ್ಬರ ನೇಮಕ ಮುಂದುವರಿಸಲಿಲ್ಲ. ವಿದ್ಯಾರ್ಥಿಗಳು ಆಡಳಿತ ಕಟ್ಟಡಕ್ಕೆ ನುಗ್ಗಿ ಕೂತರು. ವಿಭಾಗದ ತೀರ್ಮಾನ ಸರಿಯಾಗಿ ಆಯಿತಾ ಎಂದು ನೋಡಲು ಒಂದು ಸಮಿತಿ ಮಾಡಿದರು. ಅದರ ಅಧ್ಯಕ್ಷತೆ ಗ್ರೇ ಅವರಿಗೆ ಬಂತು. ಹೊರಗೆ ಘೋಷಣೆ, ಒಳಗೆ ಕಾಗದ. ಸಮಿತಿ ವಿಭಾಗದ ನಡಾವಳಿಯಲ್ಲಿ ತಪ್ಪು ಹುಡುಕಲಿಲ್ಲ. ಆದರೆ ಆಕೆ ಕೆಲಸ ಮಾಡುತ್ತಿದ್ದ ಇನ್ನೊಂದು ವಿಭಾಗದಲ್ಲಿ ಒಂದು ವರ್ಷದ ಅವಕಾಶ ಕೊಡಿ ಎಂದಿತು. ಆಕೆ ಒಪ್ಪಲಿಲ್ಲ. ವರದಿ ಎರಡೂ ಕಡೆಯವರಿಗೆ ಪೂರ್ತಿ ಹಿಡಿಸುವಂತಿರಲಿಲ್ಲ. ಆದರೆ ಅಷ್ಟು ಗಲಾಟೆಯ ನಡುವೆ ಕೂತು ಕಾಗದ ಓದಿ, ಎಲ್ಲರ ಮಾತು ಕೇಳಿ, ಕಾರಣ ಕೊಟ್ಟು ಬರೆಯಬಲ್ಲರು ಎಂಬುದು ಜನರಿಗೆ ಕಂಡಿತು. ಮುಂದೆ ಅವರು ನಾರ್ತ್‌ವೆಸ್ಟರ್ನ್‌ನಲ್ಲಿ ಡೀನ್, ಯೇಲ್‌ನಲ್ಲಿ ಪ್ರೊವೋಸ್ಟ್ (ಅಂದರೆ ಅಧ್ಯಕ್ಷರ ನಂತರದ ಶೈಕ್ಷಣಿಕ ಮುಖ್ಯಸ್ಥೆ), ಅಲ್ಲೇ ಸ್ವಲ್ಪ ಕಾಲ ಹಂಗಾಮಿ ಅಧ್ಯಕ್ಷೆ, 1978ರಿಂದ 1993ರವರೆಗೆ ಷಿಕಾಗೋದ ಅಧ್ಯಕ್ಷೆ.

ಹಳೆಯ ನಿಯಮಗಳ ಬಗ್ಗೆಯೂ ನಮ್ಮವರ ಸ್ವಭಾವ ಬೇರೆ. ಹೊಸದಾಗಿ ಬಂದ ಡೀನ್‌ಗೆ ಒಂದು ಸಣ್ಣ ಖರೀದಿಗೂ ಮೂರು ಸಹಿ ಬೇಕು ಎಂದರೆ ರೇಗುತ್ತದೆ. ತೆಗೆದುಹಾಕೋಣ ಅನ್ನಿಸುತ್ತದೆ. ಇತಿಹಾಸದವರು ಮೊದಲು ಈ ನಿಯಮ ಯಾವ ವರ್ಷ ಬಂತು, ಅದರ ಹಿಂದಿನ ವರ್ಷ ಏನಾಗಿತ್ತು ಎಂದು ಕೇಳುತ್ತಾರೆ. ಬಹಳ ಸಲ ಅಲ್ಲೊಂದು ಹಗರಣ ಇರುತ್ತದೆ. ಕೆಲವು ಸಲ ಏನೂ ಇರುವುದಿಲ್ಲ, ಯಾರೋ ಒಬ್ಬರ ಅಹಂ ಅಷ್ಟೇ. ಎರಡನ್ನೂ ಬೇರ್ಪಡಿಸಿ ನೋಡುವುದು ದೊಡ್ಡ ಉಪಕಾರ.

ಇನ್ನೊಂದು ಲಾಭ ಸಂಸ್ಥೆಯ ಸ್ವಂತ ಚರಿತ್ರೆಯನ್ನು ಎದುರಿಸುವ ಧೈರ್ಯ. ಡ್ರೂ ಫೌಸ್ಟ್ ಅಮೆರಿಕದ ಅಂತರ್ಯುದ್ಧದ ಕಾಲವನ್ನು, ದಕ್ಷಿಣದ ಗುಲಾಮಗಿರಿಯ ಸಮಾಜವನ್ನು ಬಹಳ ವರ್ಷ ಓದಿದವರು. 2007ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ. 2016ರಲ್ಲಿ ವಾಡ್ಸ್‌ವರ್ತ್ ಹೌಸ್ ಎಂಬ ಹಳೆಯ ಕಟ್ಟಡದ ಗೋಡೆಗೆ ಒಂದು ಫಲಕ ಹಾಕಿಸಿದರು. 18ನೇ ಶತಮಾನದ ಇಬ್ಬರು ಹಾರ್ವರ್ಡ್ ಅಧ್ಯಕ್ಷರ ಮನೆಯಲ್ಲಿ ಗುಲಾಮರಾಗಿ ದುಡಿದ ಟೈಟಸ್, ವೀನಸ್, ಬಿಲ್ಹಾ, ಜೂಬಾ ಎಂಬ ನಾಲ್ವರ ಹೆಸರು ಅದರಲ್ಲಿದೆ. ತನ್ನದೇ ಹುದ್ದೆಯಲ್ಲಿದ್ದ ಹಿಂದಿನವರ ಬಗ್ಗೆ ಹೀಗೆ ಹೇಳಬೇಕಾದರೆ ದಾಖಲೆ ಗಟ್ಟಿ ಇರಬೇಕು. ಯಾಕೆ ಹೇಳಬೇಕು ಎಂಬುದೂ ಮನಸ್ಸಿಗೆ ಸ್ಪಷ್ಟವಿರಬೇಕು.

ಇಷ್ಟು ಓದಿ ನೀವು ಡೀನ್ ಹುದ್ದೆಗೆ ಹೂಂ ಎನ್ನುವ ಮೊದಲು ಇನ್ನೊಂದು ಬದಿ ನೋಡಿ.

ದುಡ್ಡು. ನಮ್ಮಲ್ಲಿ ಹೆಚ್ಚಿನವರಿಗೆ ಇದು ಬರುವುದಿಲ್ಲ. ಕಲಿಯಲು ಮನಸ್ಸೂ ಇರುವುದಿಲ್ಲ. ಬಜೆಟ್ ಸಭೆಯಲ್ಲಿ ಸುಮ್ನೆ ತಲೆಯಾಡಿಸಿ ಬರುವ ಡೀನ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಹಣಕಾಸು ಅಧಿಕಾರಿ ಹೇಳಿದ್ದೇ ಅವರಿಗೆ ವೇದ. ಫೌಸ್ಟ್ ಬಂದ ಮರುವರ್ಷವೇ ಜಗತ್ತಿನ ಹಣಕಾಸು ಕುಸಿಯಿತು. 2008ರ ಜೂನ್‌ನಲ್ಲಿ ಸುಮಾರು 3,690 ಕೋಟಿ ಡಾಲರ್ ಇದ್ದ ಹಾರ್ವರ್ಡ್ ದತ್ತಿನಿಧಿ 2009ರ ಜೂನ್ ಹೊತ್ತಿಗೆ ಸುಮಾರು 2,600 ಕೋಟಿಗೆ ಇಳಿಯಿತು. ಇನ್ನೂ ಅಷ್ಟು ಕೋಟಿ ಇದೆಯಲ್ಲ, ಏನು ತೊಂದರೆ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ತೊಂದರೆ ಇರುವುದು ಹೀಗೆ: ದತ್ತಿ ಎಂದರೆ ಒಂದೇ ದೊಡ್ಡ ಡಬ್ಬಿಯ ದುಡ್ಡಲ್ಲ. ಸಾವಿರಾರು ದಾನಿಗಳು ಸಾವಿರಾರು ಷರತ್ತು ಹಾಕಿ ಕೊಟ್ಟದ್ದು. ಒಂದು ಪೀಠಕ್ಕೆ ಕೊಟ್ಟದ್ದನ್ನು ಹಾಸ್ಟೆಲ್ ಚಾವಣಿಗೆ ಬಳಸುವಂತಿಲ್ಲ. ಅಸಲು ಮುಟ್ಟದೆ ಪ್ರತಿವರ್ಷ ಒಂದು ಸಣ್ಣ ಪಾಲು ಮಾತ್ರ ಖರ್ಚಿಗೆ ತೆಗೆಯುತ್ತಾರೆ. ಅಲ್ಲಿನ ವಾರ್ಷಿಕ ಖರ್ಚಿನ ಸುಮಾರು ಮೂರನೇ ಒಂದು ಭಾಗ ಅದರಿಂದಲೇ ನಡೆಯುತ್ತಿತ್ತು. ಮೂಲ ಕರಗಿದರೆ ಮುಂದಿನ ವರ್ಷಗಳ ಸಂಬಳ, ನೇಮಕಾತಿ, ಕಟ್ಟಡ ಎಲ್ಲಕ್ಕೂ ಕತ್ತರಿ. ಆಲ್‌ಸ್ಟನ್‌ನಲ್ಲಿ ಶುರುವಾಗಿದ್ದ ದೊಡ್ಡ ವಿಜ್ಞಾನ ಸಂಕೀರ್ಣದ ಕಾಮಗಾರಿಯನ್ನು 2009ರ ಕೊನೆಯಲ್ಲಿ ನಿಲ್ಲಿಸಬೇಕಾಯಿತು. ಅಂತರ್ಯುದ್ಧದ ಪತ್ರಗಳನ್ನು ಎಷ್ಟು ಚೆನ್ನಾಗಿ ಓದಿದರೂ ಈ ಲೆಕ್ಕ ಅದರಲ್ಲಿ ಇರುವುದಿಲ್ಲ. ಅದನ್ನು ಬೇರೆಯೇ ಕಲಿಯಬೇಕು, ಅದೂ ಬೇಗ.

ದುಡ್ಡಿಗಿಂತ ಕಷ್ಟದ್ದು ಹೊತ್ತು. ನಾವು ಕಲಿತಿರುವುದು ಕಾಯುವುದನ್ನು. ಇನ್ನೊಂದು ದಾಖಲೆ ಸಿಗಲಿ, ಆಮೇಲೆ ಹೇಳೋಣ. ನಮ್ಮ ವೃತ್ತಿಯಲ್ಲಿ ಇದು ಗುಣ. ಆಡಳಿತದಲ್ಲಿ ಅರ್ಧ ಮಾಹಿತಿಯ ಮೇಲೆ ಇವತ್ತು ಸಂಜೆಯೊಳಗೆ ತೀರ್ಮಾನ ಬೇಕು. ಜೊತೆಗೆ, ಒಂದು ಸಂಗತಿ ಯಾಕೆ ಹೀಗಾಯಿತು ಎಂದು ವಿವರಿಸುವುದರಲ್ಲೇ ನಮಗೆ ತೃಪ್ತಿ. ಎದುರಿಗೆ ಕೂತವರಿಗೆ ಅದು ಬೇಡ. ಅವರಿಗೆ ಮುಂದಿನ ತಿಂಗಳ ಸಂಬಳ ಬೇಕು.

ನಿಕೊಲಸ್ ಡರ್ಕ್ಸ್ ಹೆಸರು ನಮ್ಮ ಕಡೆ ದಕ್ಷಿಣ ಭಾರತದ ಚರಿತ್ರೆ ಓದುವವರಿಗೆ ಗೊತ್ತು. ಪುದುಕ್ಕೋಟೈ ಸಂಸ್ಥಾನದ ಮೇಲೆ ಕೆಲಸ ಮಾಡಿದವರು. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಮುಖ್ಯಸ್ಥರಾದರು. 2016ರ ಹೊತ್ತಿಗೆ ಅಲ್ಲಿನ ಕೊರತೆ ಸುಮಾರು 15 ಕೋಟಿ ಡಾಲರ್. ಅದರ ಬೇರು ಅವರಿಗಿಂತ ಹಿಂದಿನದು. ರಾಜ್ಯ ಸರ್ಕಾರದ ಅನುದಾನ ಇಳಿದಿತ್ತು, ಶುಲ್ಕ ಏರಿಸದೆ ಹಿಡಿದಿಟ್ಟಿದ್ದರು. ಇದನ್ನು ವಿವರಿಸಲು ಅವರಿಗಿಂತ ಒಳ್ಳೆಯವರು ಸಿಗುವುದು ಕಷ್ಟ. ಆದರೆ ಖರ್ಚು ಕಡಿತದ ಯೋಜನೆಗೆ ಅಧ್ಯಾಪಕರು ತಿರುಗಿಬಿದ್ದರು. ಬೇರೆ ವಿವಾದಗಳೂ ಸೇರಿಕೊಂಡವು. 2016ರ ಆಗಸ್ಟ್‌ನಲ್ಲಿ ಹುದ್ದೆ ಬಿಡುವುದಾಗಿ ಹೇಳಿದರು, 2017ರಲ್ಲಿ ಬಿಟ್ಟರು. ಕುರ್ಚಿಯಲ್ಲಿ ಕೂತಮೇಲೆ ಹಿಂದಿನವರ ಸಾಲವೂ ನಿಮ್ಮ ಹೆಸರಿಗೇ ಬರುತ್ತದೆ.

ಇನ್ನೊಂದು ಬದಲಾವಣೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ನಿಮ್ಮ ಮಾತು ನಿಮ್ಮದಾಗಿ ಉಳಿಯುವುದಿಲ್ಲ. ಪ್ರಾಧ್ಯಾಪಕಿಯಾಗಿ ನೀವು ಒಬ್ಬ ರಾಜನ ಬಗ್ಗೆ, ಒಂದು ಕಾನೂನಿನ ಬಗ್ಗೆ ಅಭಿಪ್ರಾಯ ಹೇಳಿದರೆ ಅದು ಒಬ್ಬರ ಅಭಿಪ್ರಾಯ. ಹುದ್ದೆಯಲ್ಲಿ ಕೂತು ಅದೇ ಮಾತು ಹೇಳಿದರೆ ವಿಶ್ವವಿದ್ಯಾಲಯವೇ ಹೇಳಿತು ಎಂದಾಗುತ್ತದೆ. ಇದರ ಬಿಸಿ ಅತಿ ಹೆಚ್ಚು ತಟ್ಟಿದವರಲ್ಲಿ ಇತಿಹಾಸಕಾರ ಮುಷೀರುಲ್ ಹಸನ್ ಒಬ್ಬರು. 1992ರಲ್ಲಿ ಅವರು ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾದಲ್ಲಿ ಕುಲಪತಿಗಿಂತ ಒಂದು ಮೆಟ್ಟಿಲು ಕೆಳಗಿನ ಪ್ರೊ-ವೈಸ್ ಚಾನ್ಸಲರ್ ಹುದ್ದೆಯಲ್ಲಿದ್ದರು. ಆಗ ನಿಷೇಧವಾಗಿದ್ದ ಸಲ್ಮಾನ್ ರಶ್ದಿಯ ಕಾದಂಬರಿಯ ಬಗ್ಗೆ ಸಂದರ್ಶನದಲ್ಲಿ ಮಾತು ಬಂತು. ಪುಸ್ತಕ ತನಗೆ ಒಪ್ಪಿಗೆಯಿಲ್ಲ, ಆದರೆ ನಿಷೇಧ ಸರಿಯಲ್ಲ ಎಂದರು. ಇತಿಹಾಸ ತರಗತಿಯಲ್ಲಿ ಇದು ಒಂದು ಚರ್ಚೆ. ಅಲ್ಲಿ ಅದು ತಿಂಗಳುಗಟ್ಟಲೆ ಪ್ರತಿಭಟನೆಯಾಯಿತು. ಕ್ಯಾಂಪಸ್ಸಿಗೆ ವಾಪಸ್ ಬಂದಾಗ ಅವರ ಮೇಲೆ ಹಲ್ಲೆಯೂ ಆಯಿತು.

ಅದೇ ಮನುಷ್ಯ 2004ರಲ್ಲಿ ಅದೇ ಜಾಮಿಯಾಕ್ಕೆ ಕುಲಪತಿಯಾದರು. 2008ರಲ್ಲಿ ದೆಹಲಿಯ ಬಾಟ್ಲಾ ಹೌಸ್ ಪೊಲೀಸ್ ಎನ್‌ಕೌಂಟರ್ ನಂತರ ಅಲ್ಲಿನ ವಿದ್ಯಾರ್ಥಿಗಳನ್ನು ಬಂಧಿಸಿದಾಗ, ಅವರಿಗೆ ವಿಶ್ವವಿದ್ಯಾಲಯವೇ ಕಾನೂನು ನೆರವು ಕೊಡುತ್ತದೆ ಎಂದರು. ಬೈದವರೂ ಇದ್ದರು, ಮೆಚ್ಚಿದವರೂ ಇದ್ದರು. ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಗಮನಿಸಬೇಕಾದ್ದು ಇಷ್ಟು: ಈ ಸಲ ಅವರು ಆಡಿದ್ದು ಸ್ವಂತ ಅಭಿಪ್ರಾಯವಾಗಿ ಅಲ್ಲ, ಸಂಸ್ಥೆಯ ತೀರ್ಮಾನವಾಗಿ. ಆ ಮಾತಿನ ಭಾರವನ್ನು ತಿಳಿದೇ ಹೊತ್ತರು. ಕುಲಪತಿ ಅವಧಿ ಮುಗಿದ ಮೇಲೆ ರಾಷ್ಟ್ರೀಯ ಪತ್ರಾಗಾರದ ಮುಖ್ಯಸ್ಥರಾದರು. ಅಂದರೆ ಮತ್ತೆ ಕಾಗದಗಳ ನಡುವೆಯೇ.

ಸಹೋದ್ಯೋಗಿಗಳ ವಿಷಯ ಬೇಗ ಮುಗಿಸುತ್ತೇನೆ. ನಿನ್ನೆಯವರೆಗೆ ಕ್ಯಾಂಟೀನಿನಲ್ಲಿ ನಿಮ್ಮ ಜೊತೆ ಕೂತು ಆಡಳಿತವನ್ನು ಬೈದವರು ನಾಳೆ ನಿಮ್ಮನ್ನು ಕಂಡು ಮಾತು ನಿಲ್ಲಿಸುತ್ತಾರೆ. ಅದರಲ್ಲಿ ನೋವು ಪಡಲು ಏನಿಲ್ಲ. ನೀವೂ ಅದನ್ನೇ ಮಾಡಿರುತ್ತೀರಿ.

ಈಗ ಪುಸ್ತಕಕ್ಕೆ ಬರೋಣ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಆಡಳಿತ ಕೊಲ್ಲುವುದು ಬರೆಯುವುದನ್ನಲ್ಲ, ಹುಡುಕುವುದನ್ನು. ಪತ್ರಾಗಾರದಲ್ಲಿ ಮೂರು ವಾರ ಕೂತು, ಏನು ಸಿಗುತ್ತದೆ ಎಂದು ಗೊತ್ತಿಲ್ಲದೆ ಕಟ್ಟು ಬಿಚ್ಚುತ್ತಾ ಹೋಗುವುದಿದೆಯಲ್ಲ, ಅದು ಡೀನ್‌ಗೆ ಸಾಧ್ಯವೇ ಇಲ್ಲ. ಎರಡನೇ ದಿನವೇ ಫೋನು ಬರುತ್ತದೆ. ಆದರೆ ಸಾಮಗ್ರಿ ಎಲ್ಲ ಕೈಯಲ್ಲಿದ್ದರೆ ಬರೆಯುವುದು ಹೇಗೋ ಸಾಗುತ್ತದೆ.

ಫೌಸ್ಟ್ ಅವರನ್ನೇ ನೋಡಿ. ಅಂತರ್ಯುದ್ಧದ ಸಾವುಗಳ ಬಗ್ಗೆ ಅವರ ಹೆಸರಾಂತ ಪುಸ್ತಕ ಬಂದದ್ದು 2008ರ ಜನವರಿಯಲ್ಲಿ, ಅಂದರೆ ಹಾರ್ವರ್ಡ್ ಕುರ್ಚಿಗೆ ಬಂದ ಅರ್ಧ ವರ್ಷಕ್ಕೆ. ಅಧ್ಯಕ್ಷೆಯಾಗಿದ್ದುಕೊಂಡೇ ಬರೆದರಲ್ಲ ಎಂದು ಜನ ಬೆರಗಾಗುತ್ತಾರೆ. ಕೆಲಸ ಹಿಂದೆಯೇ ಆಗಿತ್ತು. ಅವರು ಕುರ್ಚಿ ಬಿಟ್ಟದ್ದು 2018ರಲ್ಲಿ. ತಮ್ಮ ಬಾಲ್ಯ, ಯೌವನದ ನೆನಪುಗಳ ಪುಸ್ತಕ ಬಂದದ್ದು 2023ರಲ್ಲಿ. ನಡುವಿನ ವರ್ಷ ಎಣಿಸಿಕೊಳ್ಳಿ.

ಎಡ್ವರ್ಡ್ ಏಯರ್ಸ್ ಕಥೆ ನಿಮಗೆ ಇನ್ನೂ ಹತ್ತಿರದ್ದು. ವರ್ಜೀನಿಯಾದಲ್ಲಿ ಒಂದು, ಪೆನ್ಸಿಲ್ವೇನಿಯಾದಲ್ಲಿ ಒಂದು, ಹೀಗೆ ಅಂತರ್ಯುದ್ಧದ ಎರಡು ಬದಿಯ ಎರಡು ಜಿಲ್ಲೆಗಳನ್ನು ಹಿಡಿದು ಕೆಲಸ ಮಾಡಿದವರು. ಆ ಕಥೆಯ ಮೊದಲ ಪುಸ್ತಕ 2003ರಲ್ಲಿ. ಆಗ ಅವರು ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡೀನ್. 2007ರಿಂದ 2015ರವರೆಗೆ ರಿಚ್‌ಮಂಡ್ ವಿಶ್ವವಿದ್ಯಾಲಯದ ಅಧ್ಯಕ್ಷ. ಆ ಕಥೆಯ ಎರಡನೇ ಭಾಗ ಬಂದದ್ದು 2017ರಲ್ಲಿ, ಹುದ್ದೆ ಬಿಟ್ಟಮೇಲೆ. 14 ವರ್ಷದ ಅಂತರ. ಇಷ್ಟು ದೊಡ್ಡ ಬಿಡುವಿನ ನಂತರವೂ ಎಳೆ ಹಿಡಿಯಲು ಆದದ್ದು ಹೇಗೆ? ಆ ಎರಡು ಜಿಲ್ಲೆಗಳ ಪತ್ರಿಕೆ, ಪತ್ರ, ಜನಗಣತಿ, ಸೈನ್ಯದ ದಾಖಲೆ ಎಲ್ಲವನ್ನೂ ಅವರ ತಂಡ 1990ರ ದಶಕದಿಂದಲೇ ಡಿಜಿಟಲ್ ಮಾಡಿ ಜೋಡಿಸುತ್ತಾ ಬಂದಿತ್ತು. ಸಾಮಗ್ರಿ ಕಾಯುತ್ತಾ ಕೂತಿತ್ತು.

ಜದುನಾಥ ಸರ್ಕಾರ್ ದಾರಿ ಬೇರೆ. ಔರಂಗಜೇಬನ ಬಗ್ಗೆ ಐದು ಸಂಪುಟಗಳನ್ನು 1924ಕ್ಕೆ ಮುಗಿಸಿದ್ದರು. ಆಮೇಲೆ ಎರಡು ವರ್ಷ ಕುಲಪತಿ. ಅಷ್ಟೇ. ಮೊಘಲರ ಪತನದ ಕುರಿತ ನಾಲ್ಕು ಸಂಪುಟಗಳು 1932ರಿಂದ 1950ರವರೆಗೆ ಬಂದವು. ಒಂದು ದೊಡ್ಡ ಕೆಲಸ ಮುಗಿಸಿ ಹೋದರು, ಬೇಗ ಹಿಂದಿರುಗಿದರು, ಇನ್ನೊಂದು ದೊಡ್ಡ ಕೆಲಸ ಹಿಡಿದರು. ಯಾರಾದರೂ ನನ್ನನ್ನು ಮಾದರಿ ಹೇಳಿ ಎಂದರೆ ನಾನು ತೋರಿಸುವುದು ಇದನ್ನೇ. ಆದರೆ ಎರಡು ವರ್ಷಕ್ಕೆ ಎದ್ದುಬರುವ ಗಟ್ಟಿತನ ಎಲ್ಲರಿಗೂ ಇರುವುದಿಲ್ಲ. ಕುರ್ಚಿಗೆ ಒಂದು ಸೆಳೆತ ಇದೆ.

ಮಜುಂದಾರ್ ಇನ್ನೊಂದು ಉಪಾಯ ಕಂಡುಕೊಂಡರು. ಢಾಕಾ ವಿಶ್ವವಿದ್ಯಾಲಯವೇ ಹೊರತಂದ ಬಂಗಾಳದ ಇತಿಹಾಸದ ಮೊದಲ ಸಂಪುಟವನ್ನು ಅವರು ಸಂಪಾದಿಸಿದರು. 1943ರಲ್ಲಿ ಪ್ರಕಟವಾಯಿತು. ಅಧ್ಯಾಯಗಳನ್ನು ಬೇರೆ ಬೇರೆ ವಿದ್ವಾಂಸರು ಬರೆದರು. 1948ರ ಎರಡನೇ ಸಂಪುಟಕ್ಕೆ ಸಂಪಾದಕರು ಯಾರು ಗೊತ್ತಾ? ಜದುನಾಥ ಸರ್ಕಾರ್. ಇಬ್ಬರೂ ಕುಲಪತಿಗಿರಿ ಮಾಡಿದವರು. ಹತ್ತು ಜನರಿಂದ ಸಮಯಕ್ಕೆ ಸರಿಯಾಗಿ ಬರೆಸುವುದು, ಬರೆಯದವರನ್ನು ಬಿಡದೆ ಬೆನ್ನು ಹತ್ತುವುದು, ಸಿಟ್ಟಾದವರನ್ನು ಸಮಾಧಾನ ಮಾಡುವುದು, ಇದೆಲ್ಲ ಆಡಳಿತದ್ದೇ ಕೆಲಸ. ಮುಂದೆ ಮಜುಂದಾರ್ ಭಾರತೀಯ ವಿದ್ಯಾಭವನಕ್ಕಾಗಿ 11 ಸಂಪುಟಗಳ ಭಾರತದ ಇತಿಹಾಸವನ್ನು ಹೀಗೆಯೇ ಮಾಡಿಸಿದರು. ಅವರ ಇತಿಹಾಸದ ನಿಲುವುಗಳ ಬಗ್ಗೆ ಜಗಳ ಇದೆ, ಅದು ಬೇರೆ ಮಾತು. ಕೆಲಸ ಮಾಡಿಸುವ ಕಲೆ ಮಾತ್ರ ಅವರಲ್ಲಿ ಇತ್ತು.

ನನ್ನ ಈ ಲೆಕ್ಕವನ್ನು ಸ್ವಲ್ಪ ಅಲುಗಾಡಿಸುವವರು ಬ್ರಿಟನ್ನಿನ ಏಸಾ ಬ್ರಿಗ್ಸ್. 1967ರಿಂದ 1976ರವರೆಗೆ ಸಸೆಕ್ಸ್ ವಿಶ್ವವಿದ್ಯಾಲಯದ ಕುಲಪತಿ. ಬ್ರಿಟನ್ನಿನ ರೇಡಿಯೋ, ಟಿವಿ ಪ್ರಸಾರದ ಇತಿಹಾಸವನ್ನು ಐದು ಸಂಪುಟಗಳಲ್ಲಿ ಬರೆದರು, 1961ರಿಂದ 1995ರವರೆಗೆ. ಮೂರನೆಯದು ಬಂದದ್ದು 1970ರಲ್ಲಿ, ಕುಲಪತಿಯಾಗಿದ್ದಾಗಲೇ. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಗುಪ್ತಲಿಪಿ ಬಿಡಿಸಿದ ತಂಡದಲ್ಲಿದ್ದವರು, ಕೆಲಸದ ವೇಗವೇ ಬೇರೆ. ಆದರೂ ನೋಡಿ, ಹೆಚ್ಚಿನ ದಾಖಲೆ ಬಿಬಿಸಿ ಎಂಬ ಒಂದೇ ಸಂಸ್ಥೆಯದು. ಯೋಜನೆ ಮೊದಲೇ ಒಪ್ಪಿಕೊಂಡದ್ದು. ಊರೂರು ಅಲೆದು ಹುಡುಕುವ ಕೆಲಸ ಅಲ್ಲ.

ಹಾಗಾಗಿ ನಿಮ್ಮ ಪುಸ್ತಕಕ್ಕೆ ಇನ್ನೂ ಎರಡು ಮೂರು ಪತ್ರಾಗಾರ ನೋಡುವುದು ಬಾಕಿ ಇದ್ದರೆ, ಡೀನ್ ಹುದ್ದೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿಸಲು ಆಗುತ್ತದಾ ಕೇಳಿ. ಆಗದಿದ್ದರೆ ಈ ಸಲ ಬಿಟ್ಟುಬಿಡಿ. ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದು ಹೆದರಿಸುತ್ತಾರೆ. ಬರುತ್ತದೆ. ಡೀನ್ ಆಗಲು ಮನಸ್ಸಿರುವ, ಜಗಳಗಂಟರಲ್ಲದ ಪ್ರಾಧ್ಯಾಪಕರ ಕೊರತೆ ಎಲ್ಲ ಕಡೆಯೂ ಇದೆ. ದಾಖಲೆಗಳೆಲ್ಲ ಕೈಯಲ್ಲಿದ್ದರೆ ಧಾರಾಳವಾಗಿ ಹೋಗಿ. ಆದರೆ ಹೋಗುವ ಮೊದಲು ಪ್ರತಿ ಅಧ್ಯಾಯಕ್ಕೂ ಎರಡು ಪುಟ ಬರೆದಿಡಿ: ವಾದ ಏನು, ಯಾವ ದಾಖಲೆ ಎಲ್ಲಿದೆ, ಎಲ್ಲಿ ಅನುಮಾನ ಉಳಿದಿದೆ. ನಾಲ್ಕು ವರ್ಷ ಬಿಟ್ಟು ತೆರೆದಾಗ ನಿಮ್ಮ ಟಿಪ್ಪಣಿ ನಿಮಗೇ ಅರ್ಥವಾಗಬೇಕು. ವಾರಕ್ಕೊಂದು ದಿನ ಬರೆಯುತ್ತೇನೆ ಎಂದು ನಿಮಗೆ ನೀವೇ ಹೇಳಿಕೊಳ್ಳಬೇಡಿ. ಆ ದಿನವನ್ನು ಮೊದಲ ತಿಂಗಳಲ್ಲೇ ಯಾರೋ ನುಂಗುತ್ತಾರೆ. ರಜೆಯಲ್ಲಿ ಒಟ್ಟಿಗೆ ಎರಡು ವಾರ ಹಿಡಿಯುವುದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಒಂದು ತರಗತಿಯನ್ನಾದರೂ ಬಿಡದೆ ಇಟ್ಟುಕೊಳ್ಳಿ. ಪಾಠ ಮಾಡಬೇಕಾದಾಗ ಹೊಸ ಪುಸ್ತಕ ಓದಲೇಬೇಕಾಗುತ್ತದೆ. ಇಲ್ಲದಿದ್ದರೆ ಸುತ್ತೋಲೆ ಬಿಟ್ಟು ಬೇರೇನೂ ಓದುವುದಿಲ್ಲ.

ಕುಲಪತಿ ಹುದ್ದೆಯ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೇಲೆ ಹೋದವರು ಮೆಟ್ಟಿಲು ಹತ್ತಿಯೇ ಹೋಗಿದ್ದಾರೆ. ಗ್ರೇ ಡೀನ್, ಪ್ರೊವೋಸ್ಟ್, ಹಂಗಾಮಿ ಅಧ್ಯಕ್ಷೆ ಎಲ್ಲ ಆದಮೇಲೆ ಷಿಕಾಗೋಗೆ ಬಂದರು. ಫೌಸ್ಟ್ ಮೊದಲು 2001ರಲ್ಲಿ ರ‍್ಯಾಡ್‌ಕ್ಲಿಫ್ ಎಂಬ ಚಿಕ್ಕ ಸಂಸ್ಥೆಯ ಡೀನ್. ಅದು ಹಿಂದೆ ಮಹಿಳಾ ಕಾಲೇಜಾಗಿದ್ದು, ಹಾರ್ವರ್ಡ್‌ಗೆ ಸೇರಿ ಸಂಶೋಧನಾ ಕೇಂದ್ರವಾಗಿ ಬದಲಾಗುತ್ತಿದ್ದ ಹೊತ್ತು. ಚಿಕ್ಕ ಜಾಗದಲ್ಲಿ ಬಜೆಟ್, ನೇಮಕಾತಿ, ವಿರೋಧ ಎಲ್ಲವನ್ನೂ ನೋಡಿಕೊಂಡು ಆಮೇಲೆ ದೊಡ್ಡದಕ್ಕೆ ಹೋದರು. ಡೀನ್ ಹುದ್ದೆ ನಿಮಗೆ ಹಿಡಿಸಿತಾ ಇಲ್ಲವಾ ಎಂದು ಎರಡು ವರ್ಷದಲ್ಲಿ ತಿಳಿಯುತ್ತದೆ.

ಹೊಸ ವಿಶ್ವವಿದ್ಯಾಲಯದಿಂದ ಕರೆ ಬಂದರೆ ಅದು ಬೇರೆಯೇ ಆಟ ಎಂಬುದು ನೆನಪಿರಲಿ. ಮಂಗಳೂರು ವಿಶ್ವವಿದ್ಯಾಲಯ ಕೊಣಾಜೆಯಲ್ಲಿ ಶುರುವಾದಾಗ ಅಲ್ಲಿದ್ದದ್ದು ಮೈಸೂರು ವಿಶ್ವವಿದ್ಯಾಲಯದ ಒಂದು ಸ್ನಾತಕೋತ್ತರ ಕೇಂದ್ರ. ಅದನ್ನು ಸ್ವತಂತ್ರ ವಿಶ್ವವಿದ್ಯಾಲಯ ಮಾಡುವುದು ಷೇಕ್ ಅಲಿ ಅವರ ಪಾಲಿಗೆ ಬಂತು. ಆಮೇಲೆ ಗೋವಾ ವಿಶ್ವವಿದ್ಯಾಲಯಕ್ಕೂ ಮೊದಲ ಕುಲಪತಿ ಅವರೇ. ಹೈದರಾಲಿ, ಟಿಪ್ಪು ಕಾಲದ ಮೈಸೂರನ್ನು ಓದಿದವರು, ಹುದ್ದೆ ಬಿಟ್ಟಮೇಲೂ ಅದರ ಬಗ್ಗೆ ಬರೆದರು. ಸಂಸ್ಥೆ ಕಟ್ಟುವಾಗ ಓದಲು ಹಳೆಯ ಫೈಲೇ ಇರುವುದಿಲ್ಲ. ಇತಿಹಾಸಕಾರರ ದೊಡ್ಡ ಬಲವೇ ಅಲ್ಲಿ ಕೆಲಸಕ್ಕೆ ಬಾರದು. ಬದಲಿಗೆ ನೀವು ಮೊದಲ ವರ್ಷ ಬರೆದ ಶರಾ ಮುಂದಿನ 30 ವರ್ಷ ಪದ್ಧತಿ ಎನಿಸಿಕೊಳ್ಳುತ್ತದೆ. ಅಂಥ ಕಡೆ ಹೋಗುವ ಮೊದಲು ಹಳೆಯ ಸಂಸ್ಥೆಯೊಂದರಲ್ಲಿ ಸಾಕಷ್ಟು ಫೈಲು ಓದಿರಬೇಕು.

ಕೊನೆಗೆ, ಒಪ್ಪಿಕೊಳ್ಳುವುದಾದರೆ ಬಾಯಿಮಾತಿಗೆ ಒಪ್ಪಬೇಡಿ. ಅವಧಿ ಎಷ್ಟು ವರ್ಷ, ಮುಗಿದ ಮೇಲೆ ಪ್ರಾಧ್ಯಾಪಕ ಹುದ್ದೆಗೆ ಹಿಂದಿರುಗುವುದು ಖಾತ್ರಿಯೇ, ಹಿಂದಿರುಗಿದ ಮೇಲೆ ಪುಸ್ತಕಕ್ಕಾಗಿ ಒಂದು ವರ್ಷವಾದರೂ ಸಂಶೋಧನಾ ರಜೆ ಸಿಗುತ್ತದೆಯೇ, ಬಜೆಟ್‌ನಲ್ಲಿ ನಿಮ್ಮ ಸಹಿಗೆ ಎಷ್ಟು ಅಧಿಕಾರ, ಕಚೇರಿಗೆ ಅನುಭವಿ ಸೂಪರಿಂಟೆಂಡೆಂಟ್ ಇದ್ದಾರೆಯೇ, ಇವಕ್ಕೆಲ್ಲ ಕಾಗದದ ಮೇಲೆ ಉತ್ತರ ತೆಗೆದುಕೊಳ್ಳಿ. ಇವುಗಳಲ್ಲಿ ರಜೆಯದ್ದು ಅತಿ ಮುಖ್ಯ. ಸೇರುವ ಮೊದಲು ಕೇಳಿದರೆ ಕೊಡುತ್ತಾರೆ. ಸೇರಿದ ಮೇಲೆ ಆ ಅರ್ಜಿಯೂ ಇನ್ನೊಂದು ಫೈಲಾಗುತ್ತದೆ, ಅದರ ಮೇಲೆ ಶರಾ ಬರೆಯುವವರು ಬೇರೆಯವರು.